ಪುರಟ್ಟಾಸಿ ತಿಂಗಳ ಬಾಡೂಟ

ಆಗಸ್ಟ್ 31, ಭಾನುವಾರ

ಇವತ್ತಿನಿಂದ ನಾನು ಬಾಡು ಬಿಟ್ಟು ಬೇರೇನನ್ನೂ ತಿನ್ನುವುದಿಲ್ಲ. ಅನ್ನ, ಮುದ್ದೆ, ಚಪಾತಿ, ಬೇಳೆ, ಸೊಪ್ಪು, ತರಕಾರಿ, ಹಣ್ಣು ಎಲ್ಲಕ್ಕೂ ಕೈಮುಗಿದಾಯಿತು. ಕುರಿ, ಕೋಳಿ, ಮೀನು, ಮೊಟ್ಟೆ, ಮೇಲೆ ತುಪ್ಪ, ಉಪ್ಪು, ಅಷ್ಟೆ. ಈ ಮಹತ್ಕಾರ್ಯಕ್ಕೆ ಸಾಕ್ಷಿ ಇರಲೆಂದು ಕಂಪನಿಯವರು ವರ್ಷದ ಮೊದಲಿಗೆ ಕೊಟ್ಟ ಡೈರಿಯನ್ನು ಕಪಾಟಿನಿಂದ ಹೊರಗೆ ತೆಗೆದಿದ್ದೇನೆ. ಇಲ್ಲಿಯವರೆಗಿನ ಹಾಳೆಗಳಲ್ಲಿ ಮಗಳು ತೇಜು ಬರೆದ ಬೆಕ್ಕುಗಳಿವೆ. ಇರಲಿ.

ಕಾರಣವನ್ನೂ ಬರೆದುಬಿಡುತ್ತೇನೆ. ಕಂಪನಿಯ ಹೆಲ್ತ್ ಚೆಕಪ್ ರಿಪೋರ್ಟ್ ಬಂತು. ಶುಗರ್ ಬಾರ್ಡರ್‌ಲೈನ್ ಎಂದಿದೆ. ಕಾರಿನ ಬಿಡಿಭಾಗಗಳ ಕ್ವಾಲಿಟಿ ನೋಡುವುದೇ ನನ್ನ ಕೆಲಸ. ಬಾರ್ಡರ್‌ಲೈನ್‌ನಲ್ಲಿರುವ ಬಿಡಿಭಾಗಕ್ಕೆ ಕೊನೆಗೆ ಏನಾಗುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನೇ ಅದನ್ನು ರಿಜೆಕ್ಟ್ ಆದವುಗಳ ಕೆಂಪು ಟ್ರೇಗೆ ಎತ್ತಿ ಹಾಕುತ್ತೇನೆ. ಅಪ್ಪನಿಗೂ ಸಕ್ಕರೆ ಕಾಯಿಲೆಯೇ ಇದ್ದದ್ದು. ಅಪ್ಪನ ಕಾಲಿನ ವಿಷಯ ಮಾತ್ರ ಇಲ್ಲಿ ಬರೆಯುವುದಿಲ್ಲ.

ದಾರಿ ತೋರಿಸಿದವನು ಆಫೀಸಿನ ಪ್ರತಾಪ್, ಹಾಸನದ ಕಡೆಯ ಹುಡುಗ. "ಸಕ್ಕರೆ ಬರೋದೇ ಅನ್ನ ಮುದ್ದೆಯಿಂದ ಸಾರ್. ಅದನ್ನ ನಿಲ್ಸಿ, ಬರೀ ಬಾಡು ತಿನ್ನಿ. ನಾನು ಒಂದು ವರ್ಷದಿಂದ ಹಾಗೇ ಇದೀನಿ. ನಾವು ಗೌಡ್ರು ಸಾರ್, ನಮಗೆ ಬಾಡು ಕಷ್ಟವಾ?" ಎಂದ. ಈ ಕೊನೆಯ ಮಾತು ಎದೆಗೆ ನಾಟಿತು. ಬೇರೆಯವರಿಗೆ ಪಥ್ಯವೆಂದರೆ ಹಾಗಲಕಾಯಿ ರಸ. ನನ್ನ ಪಥ್ಯಕ್ಕೆ ನಲ್ಲಿಮೂಳೆ.

ನೀರಜಾಗೆ ರಿಪೋರ್ಟ್ ತೋರಿಸಿದೆ. "ಮೊದ್ಲು ಡಾಕ್ಟರ್ ಹತ್ರ ಹೋಗೋಣ ರೀ" ಎಂದಳು. ಹೋದರೆ ಮಾತ್ರೆ ಬರೆಯುತ್ತಾರೆ. ಮಾತ್ರೆ ಶುರುವಾದರೆ ಅಪ್ಪನ ದಾರಿ ಶುರುವಾದಂತೆಯೇ. ಬೇಡ ಎಂದೆ. ಅವ್ವನಿಗೂ ಇದು ತಿಳಿಯಕೂಡದು ಎಂದೆ. ಅಪ್ಪನ ವಿಷಯದಲ್ಲಿ ಅವಳು ಪಟ್ಟದ್ದು ಸಾಕು. ನೀರಜಾ ರಿಪೋರ್ಟನ್ನು ಮಡಿಸಿ ತನ್ನ ಬ್ಯಾಗಿಗೆ ಹಾಕಿಕೊಂಡು, "ಸರಿ, ಇದನ್ನೂ ನನ್ನ ಹೊಟ್ಟೇಲಿ ಇಟ್ಕೋತೀನಿ" ಎಂದಳು. ಹೆಂಗಸರ ಮಾತು, ಇನ್ನೇನನ್ನು ಇಟ್ಟುಕೊಂಡಿದ್ದಾಳೋ, ಕೇಳಲು ಹೋಗಲಿಲ್ಲ.

ಅವ್ವ ಹನ್ನೆರಡನೇ ತಾರೀಕು ಬರುತ್ತಾಳೆ. ಪ್ರತಿವರ್ಷ ಮಹಾಲಯ ಅಮಾವಾಸ್ಯೆಗೆ ಮದ್ದೂರಿನ ಹತ್ತಿರದ ನಮ್ಮೂರಿನಲ್ಲಿ, ತಮ್ಮ ಸಂಜೀವನ ಮನೆಯಲ್ಲಿ ಅಪ್ಪನಿಗೆ ಎಡೆ ಇಡುತ್ತೇವೆ. ಈ ಸಲ ಅವನ ಮನೆಯ ಸೂರು ಕೀಳಿಸಿ ತಾರಸಿ ಹಾಕಿಸುತ್ತಿದ್ದಾನೆ. ಹಾಗಾಗಿ ಹಿರಿಯರು ಮೊದಲ ಬಾರಿಗೆ ಚೆನ್ನೈಗೆ, ಪೋರೂರಿನ ನಮ್ಮ ಫ್ಲ್ಯಾಟಿಗೆ ಬರಬೇಕು.

ಸೆಪ್ಟೆಂಬರ್ 2, ಮಂಗಳವಾರ

ಒಂದು ಲೆಕ್ಕ ತಪ್ಪಿತು. ನಮ್ಮ ಮನೆಯಲ್ಲಿ ಸೋಮವಾರ ಶಿವನ ವಾರ, ಶನಿವಾರ ತಿಮ್ಮಪ್ಪನ ವಾರ. ಆ ಎರಡು ದಿನ ಬಾಡಿರಲಿ, ಮೊಟ್ಟೆಯೂ ಒಳಗೆ ಬರುವಂತಿಲ್ಲ. ಹುಟ್ಟಿದಂದಿನಿಂದ ಹೀಗೇ ನಡೆದುಕೊಂಡು ಬಂದಿರುವುದರಿಂದ ಅದು ನನ್ನ ತಲೆಗೇ ಬರಲಿಲ್ಲ. ವ್ರತ ಹಿಡಿದ ಮಾರನೇ ದಿನವೇ ಸೋಮವಾರ. ಬಾಡು ತಿನ್ನುವಂತಿಲ್ಲ, ಬಾಡಲ್ಲದ್ದನ್ನೂ ತಿನ್ನುವಂತಿಲ್ಲ. ನೀರು ಕುಡಿದುಕೊಂಡು ಕೂತೆ. ಸಂಜೆ ನೀರಜಾ ತೇಜುಗೆ ದೋಸೆ ಹುಯ್ಯುವಾಗ ಬಾಲ್ಕನಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ಇವತ್ತು ಎದ್ದವನೇ ಆರು ಮೊಟ್ಟೆ ತಿಂದೆ.

ಸೆಪ್ಟೆಂಬರ್ 4, ಗುರುವಾರ

ಈ ದಿನದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನಿನ್ನೆ ಕುರಿಯ ಕೊಬ್ಬನ್ನು ತುಪ್ಪದಲ್ಲಿ ಹುರಿದು ತಿಂದಿದ್ದೆ. ಬೆಳಗ್ಗೆ ಕಂಪನಿ ಬಸ್ಸು ಪೂನಮಲ್ಲಿ ಹತ್ತಿರ ಟ್ರಾಫಿಕ್ಕಿನಲ್ಲಿ ನಿಂತಿತು. ಹೊಟ್ಟೆ ನಿಲ್ಲಲಿಲ್ಲ. ಡ್ರೈವರಿಗೆ ಹೇಳಿ ಇಳಿದು, ಬ್ಯಾಗನ್ನು ಎದೆಗೆ ಅವಚಿಕೊಂಡು ಪೆಟ್ರೋಲ್ ಬಂಕಿಗೆ ಓಡಿದೆ. ಬೀಗದ ಕೈ ಮ್ಯಾನೇಜರ್ ಹತ್ತಿರ, ಮ್ಯಾನೇಜರ್ ಟೀ ಅಂಗಡಿಯ ಹತ್ತಿರ. ಆ ಟೀ ಅವನಿಗೆ ದಕ್ಕದಿರಲಿ.

"ದೇಹ ಅಡ್ಜಸ್ಟ್ ಆಗ್ತಿದೆ ಸಾರ್" ಎಂದ ಪ್ರತಾಪ್. ಸಂಜೆ ವಾಪಸ್ ಬರುವಾಗ ಬಸ್ಸಿನವರೆಲ್ಲ ಸೇರಿ ನನಗೆ ಬಾಗಿಲ ಪಕ್ಕದ ಸೀಟನ್ನು ಬಿಟ್ಟುಕೊಟ್ಟರು. ಗೌರವ ಹೆಚ್ಚಿದೆ.

ಸೆಪ್ಟೆಂಬರ್ 7, ಭಾನುವಾರ

ಹೊಟ್ಟೆ ಸುಮ್ಮನಾಯಿತು. ಮೈ ಹಗುರವಾಗಿದೆ, ಪ್ಯಾಂಟು ಸಡಿಲವಾಗಿದೆ. ಪ್ರತಾಪ್ ಹೇಳಿದ್ದೆಲ್ಲ ನಿಜವಾಗುತ್ತಿದೆ.

ಮನೆಯಲ್ಲೂ ಶಾಂತಿ ನೆಲೆಸಿದೆ. ತೇಜು ಲೆಕ್ಕ ಹೇಳಿಸಿಕೊಳ್ಳಲು ಪಕ್ಕಕ್ಕೆ ಬಂದು ಕೂತಿದ್ದಳು. ಈ ಊರಿನಲ್ಲೇ ಓದುವ ಹುಡುಗಿ, ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. "ಅಪ್ಪಾ, ಕೋವಪ್ಪಡಾದೀಂಗ, ಉಂಗ ವಾಯಿ ನಾರುದು" ಎಂದಳು. ಕೋಪ ಮಾಡಿಕೊಳ್ಳಬೇಡಿ, ನಿಮ್ಮ ಬಾಯಿ ನಾರುತ್ತದೆ ಎಂದು. ಮಾಡಿಕೊಳ್ಳಲಿಲ್ಲ. ಈಗ ಅವಳು ಲೆಕ್ಕವನ್ನು ತಾನೇ ಮಾಡಿಕೊಳ್ಳುತ್ತಾಳೆ, ಸ್ವಾವಲಂಬನೆ ಬಂದಿದೆ. ನೀರಜಾ ಕಿಟಕಿ ತೆರೆದು ಆ ಕಡೆಗೆ ಮುಖ ಮಾಡಿ ಮಲಗುತ್ತಾಳೆ, ಗಾಳಿ ಒಳ್ಳೆಯದು. ಇಬ್ಬರೂ ನನಗಿಂತ ಮುಂಚೆ ಊಟ ಮುಗಿಸುವುದರಿಂದ ಮೇಜಿನ ಮೇಲೆ ಮೂಳೆ ಇಡಲು ಬೇಕಾದಷ್ಟು ಜಾಗ.

ಸೆಪ್ಟೆಂಬರ್ 10, ಬುಧವಾರ

ಹೊಟ್ಟೆ ಸುಮ್ಮನಾಯಿತು ಎಂದು ಬರೆದಿದ್ದೆ. ಪೂರ್ತಿ ಸುಮ್ಮನಾಗಿದೆ. ಭಾನುವಾರದಿಂದ ಏನೂ ಇಲ್ಲ.

ಪ್ರತಾಪನನ್ನು ಮರೆಗೆ ಕರೆದು ಕೇಳಿದೆ. "ಬಾಡಲ್ಲಿ ವೇಸ್ಟೇ ಇಲ್ಲ ಸಾರ್. ಎಲ್ಲಾ ರಕ್ತಕ್ಕೆ ಹೋಗುತ್ತೆ. ಹೊರಗೆ ಬರೋಕೆ ಏನಿರುತ್ತೆ?" ಎಂದ. ಸ್ಕ್ರ್ಯಾಪೇ ಇಲ್ಲದ ಲೈನು ಎಂದರೆ ಕ್ವಾಲಿಟಿಯವನಿಗೆ ಸ್ವರ್ಗ. ಮನಸ್ಸು ಒಪ್ಪಿತು. ಹೊಟ್ಟೆ ಒಪ್ಪಿಲ್ಲ.

ಸೆಪ್ಟೆಂಬರ್ 12, ಶುಕ್ರವಾರ

ಅವ್ವ ಬಂದಳು. ಸೆಂಟ್ರಲ್ ಸ್ಟೇಷನ್ನಿನಲ್ಲಿ ರೈಲಿನಿಂದ ಮೊದಲು ರಾಗಿಹಿಟ್ಟಿನ ಚೀಲ ಇಳಿಯಿತು, ಆಮೇಲೆ ಕಜ್ಜಾಯಕ್ಕೆಂದು ತಂದ ಬೆಲ್ಲ, ಆಮೇಲೆ ಎಲೆಅಡಿಕೆ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ನಮ್ಮವ್ವ ಸಣ್ಣಮ್ಮನವರು. "ಏನ್ಲಾ ಮಗ, ಇಂಗ್ ಒಣಗೋಗಿದ್ದೀಯ?" ಎಂದಳು.

ಮನೆಗೆ ಬಂದವಳು ಕಾಲು ಚಾಚಿ ಕೂರಲೂ ಇಲ್ಲ. ಸೊಪ್ಪಿನ ಉಪ್ಸಾರು ಮಾಡಿ, ಹಿಟ್ಟು ತೊಳಸಿ, ನನ್ನ ತಟ್ಟೆಗೆ ಮುದ್ದೆ ಇಟ್ಟಳು. ಆವಿ ಮುಖಕ್ಕೆ ಬಂತು. ನಾನು ತಟ್ಟೆಯನ್ನು ಹಿಂದಕ್ಕೆ ಸರಿಸಿದೆ.

"ಹಿಟ್ಟು ಬ್ಯಾಡ್ವಾ?"

"ಬ್ಯಾಡ ಕಣವ್ವ. ಈಗ ಬರೀ ಬಾಡು ತಿಂತಿವ್ನಿ."

"ಬರೀ ಬಾಡಾ? ಹಿಟ್ಟಿಲ್ದೆ ಅದನ್ನ ಎಂಗ್ಲಾ ನುಂಗ್ತೀಯ? ನೀನೇನ್ ಚಿರತೆನಾ?"

ನೀರಜಾ ಕೆಮ್ಮಿದಳು. ಅವ್ವ ಮುದ್ದೆಯ ಮೇಲೆ ತಟ್ಟೆ ಮುಚ್ಚುತ್ತಾ, "ಅಲ್ಲಿ ಸಂಜೀವ ಕಾಪಿಗೆ ಸಕ್ರೆ ಬುಟ್ಟವ್ನೆ, ಇಲ್ಲಿ ನೀನು ಹಿಟ್ಟು ಬುಟ್ಟೆ. ಇಬ್ರುಗೂ ಒಂದೊಂದ್ ಶೋಕಿ" ಎಂದಳು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆಮೇಲೆ ದನಿ ತಗ್ಗಿಸಿ, "ಮದ್ರಾಸ್ನೋರ್ ಮುಂದೆ ಹಿಟ್ಟು ಉಣ್ಣಾಕೆ ನಾಚ್ಕೆ ಆಯ್ತದಾ ಮಗ?" ಎಂದು ಕೇಳಿದಳು.

ಇಲ್ಲ ಎಂದರೆ ಮತ್ತೆ ಯಾಕೆ ಎಂದು ಕೇಳುತ್ತಾಳೆ. ಸುಮ್ಮನೆ ಕೋಳಿ ತಿಂದೆ. ಗಂಟಲಿನಲ್ಲಿ ಇಳಿಯಲಿಲ್ಲ.

ಸೆಪ್ಟೆಂಬರ್ 13, ಶನಿವಾರ

ಶನಿವಾರ, ಮನೆಯಲ್ಲಿ ಅವ್ವ, ಬಾಡಿನ ಮಾತೇ ಎತ್ತುವಂತಿಲ್ಲ. ಆ ಮೊದಲ ಸೋಮವಾರದ ಹಾಗೆ ನೀರು ಕುಡಿದುಕೊಂಡು ಇರುವ ಶಕ್ತಿ ನನ್ನಲ್ಲಿರಲಿಲ್ಲ. ಬೇಯಿಸಿದ ಕೋಳಿ ಕಟ್ಟಿಸಿಕೊಂಡು ಬಂದು ಕೆಳಗಿನ ಪಾರ್ಕಿಂಗಿನಲ್ಲಿ, ಕಾರಿನೊಳಗೆ ಕೂತು ತಿನ್ನುತ್ತಿದ್ದೆ. ಯಾರೋ ಗಾಜು ತಟ್ಟಿದರು. ಎದುರು ಫ್ಲ್ಯಾಟಿನ ಕಮಲಾಕರ, ಬ್ಯಾಂಕಿನಿಂದ ನಿವೃತ್ತರಾದವರು, ಮೂರು ತಲೆಮಾರಿನಿಂದ ಮದ್ರಾಸಿನಲ್ಲಿರುವ ಮಾಧ್ವರು. ಅವರ ಕನ್ನಡದಲ್ಲಿ ಅರ್ಧ ತಮಿಳು.

"ಏನ್ರೀ ಶ್ರೀನಿವಾಸ, ಒಂಟಿಯಾಗಿ ಕೂತಿದೀರ? ಮನೇಲಿ ಸಂಡೈಯಾ?" ಜಗಳವಾ ಎಂದು ಕೇಳಿದರು.

ನನ್ನ ಕೈಯಲ್ಲಿ ಕೋಳಿಕಾಲು ಇತ್ತು. ಅವರು ಅದನ್ನು ನೋಡಿ, ತಕ್ಷಣ ಪಾರ್ಕಿಂಗಿನ ಚಾವಣಿಯನ್ನು ನೋಡತೊಡಗಿದರು. ಹಾಗೇ ಮೇಲೆ ನೋಡುತ್ತಲೇ, "ಮೊಗ ವಾಡಿ ಹೋಗಿದೆ. ವಯಿರು ಸರಿ ಇಲ್ವಾ? ಮೋಷನ್ ಆಗ್ತಿದೆಯಾ?" ಎಂದರು. ವಯಿರು ಎಂದರೆ ಹೊಟ್ಟೆ. ಯಾರಿಗೂ ಹೇಳಿಕೊಳ್ಳಲಾಗದೆ ಇದ್ದವನು ನಾನು. ಇಲ್ಲ ಸಾರ್ ಎಂದುಬಿಟ್ಟೆ.

ಅವ್ವನ ಮೂಗು ಬಾಗಿಲಲ್ಲೇ ಹಿಡಿಯಿತು. ಬಕೆಟ್ಟಿನಲ್ಲಿ ನೀರು ತಂದು, ಬಟ್ಟೆಯ ಮೇಲೇ ನನ್ನ ತಲೆಗೆ ಸುರಿದು ಒಳಗೆ ಬಿಟ್ಟುಕೊಂಡಳು. ವಯಸ್ಸು ನಲವತ್ತಾರು ನನಗೆ.

ಸೆಪ್ಟೆಂಬರ್ 16, ಮಂಗಳವಾರ

ಕಮಲಾಕರ ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ "ಆಯ್ತಾ?" ಎನ್ನುತ್ತಾರೆ. ನಾನು ತಲೆ ಆಡಿಸುತ್ತೇನೆ. ಲಿಫ್ಟಿನಲ್ಲಿರುವ ಉಳಿದವರು ಅದೇನು ಸಾಲದ ವ್ಯವಹಾರವೋ ಎಂದುಕೊಂಡಿರಬೇಕು.

ತೇ‌ಜುಗೆ ಓಟದಲ್ಲಿ ಬಹುಮಾನ ಬಂತೆಂದು ನೀರಜಾ ಪಾಯಸ ಮಾಡಿದಳು. ಅವ್ವ ಮುಟ್ಟಲಿಲ್ಲ. ಮೊನ್ನೆ ಬಾಳೆಹಣ್ಣನ್ನೂ ಮುಟ್ಟಲಿಲ್ಲ. ನೀರಜಾ ಅವಳಿಗೆ ಕಾಫಿಯನ್ನು ಬೇರೆಯೇ ಲೋಟದಲ್ಲಿ ಬೇರೆಯೇ ಮಾಡಿಕೊಡುತ್ತಾಳೆ. ನಾನು ಹಿಟ್ಟು ಬಿಟ್ಟದ್ದಕ್ಕೆ ಅವ್ವ ಸಿಹಿ ಬಿಟ್ಟಿದ್ದಾಳೆ, ಇನ್ನೇನು. ಹಟದಲ್ಲಿ ಅವಳದೇ ಹೊಟ್ಟೆಯಲ್ಲಿ ಹುಟ್ಟಿದವನು, ನನಗೆ ತಿಳಿಯುವುದಿಲ್ಲವೇ.

ಸೆಪ್ಟೆಂಬರ್ 17, ಬುಧವಾರ

ಇವತ್ತು ಪುರಟ್ಟಾಸಿ ಹುಟ್ಟಿದೆ. ನಾನು ಅದನ್ನು ಮರೆತೇ ಬಿಟ್ಟಿದ್ದೆ. ಶ್ರಾವಣ ಕಳೆಯಿತಲ್ಲ, ಇನ್ನು ಯಾವ ಅಡ್ಡಿಯೂ ಇಲ್ಲ ಎಂದು ನಮ್ಮ ಪಂಚಾಂಗ ನೋಡಿಕೊಂಡು ಶುರು ಮಾಡಿದವನು ನಾನು. ಈ ಊರಿಗೆ ಅದರದೇ ತಿಂಗಳಿದೆ: ಪೆರುಮಾಳಿನ, ಅಂದರೆ ನಮ್ಮ ತಿಮ್ಮಪ್ಪನ ತಿಂಗಳು, ಮನೆಮನೆಯಲ್ಲೂ ಬಾಡು ಬಂದ್. ಕ್ಯಾಂಟೀನಿನಲ್ಲಿ ಕೋಳಿಯ ಜಾಗದಲ್ಲಿ ಕುಂಬಳಕಾಯಿ ಕೂಟು ಇತ್ತು. ಕೇಳಿದರೆ, "ಪುರಟ್ಟಾಸಿ ಸಾರ್" ಎಂದ ಬಡಿಸುವವನು.

ತಟ್ಟೆ ಹಿಡಿದು ಜಾಗ ಹುಡುಕುತ್ತಾ ಹೋದರೆ ಕಂಬದ ಹಿಂದೆ ಪ್ರತಾಪ್. ಅವನ ಮುಂದೆ ಮೊಸರನ್ನ, ಅದರ ಪಕ್ಕದಲ್ಲಿ ಆಲೂಗಡ್ಡೆ ಪಲ್ಯ. ನಾನು ನೋಡುತ್ತಲೇ ನಿಂತೆ. "ಹೆಂಡತಿ ಮನೆಯವರು ಇಲ್ಲಿನವರು ಸಾರ್, ಈ ತಿಂಗಳು ನಡೆಯಲ್ಲ" ಎಂದ.

"ಹೋದ ವರ್ಷ ಏನ್ ಮಾಡ್ದೆ?"

"ಹೋದ ವರ್ಷವೂ ಹೀಗೇ ಸಾರ್. ಆಡಿ ತಿಂಗಳಲ್ಲೂ ಶುಕ್ರವಾರ ಬಿಡ್ತೀನಿ. ಆಮೇಲೆ ಊರಿಗೆ ಹೋದ್ರೆ ಅಮ್ಮ ಮುದ್ದೆ ಇಕ್ಕದೆ ಬಿಡಲ್ಲ. ಮಿಕ್ಕ ದಿನ ಬರೀ ಬಾಡು."

ನನ್ನ ತಟ್ಟೆಯಲ್ಲಿ ಮನೆಯಿಂದ ತಂದ ಮೂರು ಬೇಯಿಸಿದ ಮೊಟ್ಟೆ ಇದ್ದವು. ಒಂದನ್ನು ಅವನ ಮೇಲೆ ಎಸೆಯುವ ಮನಸ್ಸಾಯಿತು. ತಿನ್ನುವ ಪದಾರ್ಥ ಎಂದು ಸುಮ್ಮನಾದೆ.

ಸೆಪ್ಟೆಂಬರ್ 19, ಶುಕ್ರವಾರ

ಇನ್‌ಸ್ಪೆಕ್ಷನ್ ಟೇಬಲ್ಲಿನ ಹತ್ತಿರ ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟೆ. ನೆಟ್ಟಗೆ ನಿಲ್ಲಲಾಗಲಿಲ್ಲ. ನೀರಜಾ ಬಂದು ಪೋರೂರಿನ ಹೊಟ್ಟೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವ್ವನಿಗೆ ಆಡಿಟ್ ಇದೆ, ತಡವಾಗುತ್ತದೆ ಎಂದು ಹೇಳಿದ್ದಾಯಿತು.

ಡಾಕ್ಟರಮ್ಮ ಹೊಟ್ಟೆಯನ್ನು ಅಲ್ಲಲ್ಲಿ ಒತ್ತಿದರು. ಏನು ತಿನ್ನುತ್ತೀರಿ ಎಂದರು. ಹೇಳಿದೆ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಅವರು ತಮಿಳಿನಲ್ಲಿ ಹೇಳಿದ್ದರ ಸಾರ ಇದು: ಕರುಳಿನಲ್ಲಿ ಎಣಿಸಲಾಗದಷ್ಟು ಸೂಕ್ಷ್ಮಜೀವಿಗಳಿವೆ. ಸೊಪ್ಪು, ಕಾಳು, ಧಾನ್ಯದ ನಾರು ನಮಗೆ ಅರಗುವುದಿಲ್ಲ, ಅದು ಅವುಗಳ ಊಟ. "ನೀವು ಹೊಟ್ಟೆ ತುಂಬ ತಿಂದಿರಿ. ಅವುಗಳಿಗೆ ಏನು ಹಾಕಿದಿರಿ? ಹಸಿದರೆ ಕೆಲವು ಕರುಳಿನ ಒಳಗಿನ ಲೋಳೆಯನ್ನೇ ತಿನ್ನಲು ಶುರು ಮಾಡುತ್ತವೆ" ಎಂದರು. ಆವರೆಗೆ ಬರೀ ನೋಯುತ್ತಿದ್ದ ಹೊಟ್ಟೆಯಲ್ಲಿ ಯಾರೋ ಕಡಿಯುತ್ತಿರುವ ಹಾಗೂ ಅನ್ನಿಸತೊಡಗಿತು.

ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದರು. ನೀರಜಾ ಬ್ಯಾಗಿನಿಂದ ರಿಪೋರ್ಟ್ ತೆಗೆದು ಮುಂದಿಟ್ಟಳು. ಡಾಕ್ಟರಮ್ಮ ನೋಡಿ, "ಇಷ್ಟಕ್ಕಾ?" ಎಂದರು. ದಿನಾ ನಡೆಯಿರಿ, ಅನ್ನ ಕಡಿಮೆ ಮಾಡಿ, ಸೊಪ್ಪು ತರಕಾರಿ ಜಾಸ್ತಿ ಮಾಡಿ, ಬಾಡು ಬೇಕಾದರೆ ಅದರ ಜೊತೆಗೆ ತಿನ್ನಿ, ಸಣ್ಣ ಮುದ್ದೆಗೂ ಅಡ್ಡಿಯಿಲ್ಲ, ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡೋಣ ಎಂದರು. ಮಾತ್ರೆ ಬರೆಯಲಿಲ್ಲ. ಹೊಟ್ಟೆಗೆ ಒಂದು ಸಿರಪ್ ಕೊಟ್ಟರು.

ಏಳುವಾಗ, "ಮನೆಯಲ್ಲಿ ಯಾರಿಗೆ ಶುಗರ್ ಇತ್ತು?" ಎಂದರು. ಅಪ್ಪನಿಗೆ ಎಂದೆ. ಏನಾಯಿತು ಎಂದರು. ಕಾಲು ತೆಗೆದರು ಮೇಡಂ, ಎಡಗಾಲು ಮಂಡಿಯ ಕೆಳಗೆ, ಆಮೇಲೆ ಒಂದು ವರ್ಷ ಇದ್ದರು ಎಂದೆ. ಕಣ್ಣಲ್ಲಿ ನೀರು ಬಂತು. ಹೊಟ್ಟೆನೋವಿಗೆ ಇರಬೇಕು.

ಸೆಪ್ಟೆಂಬರ್ 20, ಶನಿವಾರ

ಸಿರಪ್ಪು ಕೆಲಸ ಮಾಡಿಲ್ಲ.

ಅವ್ವ ಕಜ್ಜಾಯ ಸುಡುತ್ತಿದ್ದಾಳೆ. ಅಪ್ಪನಿಗೆ ಕಜ್ಜಾಯವೆಂದರೆ ಪ್ರಾಣ. ಬಸ್ ಡ್ರೈವರ್ ಆಗಿದ್ದ, ಡ್ಯೂಟಿಗೆ ಹೊರಡುವಾಗ ಖಾಕಿ ಅಂಗಿಯ ಜೇಬಿನಲ್ಲಿ ಎರಡು ಹಾಕಿಕೊಂಡು ಹೋಗುತ್ತಿದ್ದ. ಜೇಬಿನಲ್ಲಿ ಯಾವಾಗಲೂ ಎಣ್ಣೆಯ ಕಲೆ. ಮನೆಯಲ್ಲಿ ಕೂತು ಊಟ ಮಾಡಿದ್ದೇ ಕಡಿಮೆ, ಬಂದರೂ ಗಡಿಯಾರ ನೋಡುತ್ತಾ ನುಂಗುತ್ತಿದ್ದ. ಕೊನೆಯ ವರ್ಷ ಕಜ್ಜಾಯ ಕೇಳಿದಾಗ ನಾವು ಯಾರೂ ಕೊಡಲಿಲ್ಲ.

ನಾಳೆ ಎಡೆಯಲ್ಲಿ ಮುದ್ದೆ ಇರುತ್ತದೆ. ಎಡೆಯ ಊಟವನ್ನು ಮೊದಲು ಉಣ್ಣಬೇಕಾದವನು ಹಿರೀ ಮಗ. ಉಂಡರೆ, ಇಷ್ಟು ದಿನ ಯಾಕೆ ಬೇಡವೆಂದೆ ಎಂದು ಅವ್ವ ಕೇಳುತ್ತಾಳೆ. ಉಣ್ಣದಿದ್ದರೆ ಅಪ್ಪನ ಮುಂದೆಯೂ ನಾಚಿಕೆಪಟ್ಟ ಎಂದುಕೊಳ್ಳುತ್ತಾಳೆ. ಹೇಳಿಬಿಡೋಣ ಎಂದು ಅಡಿಗೆಮನೆಯವರೆಗೆ ಹೋದೆ. ಬೆವರು ಒರೆಸಿಕೊಳ್ಳುತ್ತಾ, "ಏನ್ಲಾ?" ಎಂದಳು. ಏನಿಲ್ಲ, ನೀರು ಎಂದೆ.

ಸೆಪ್ಟೆಂಬರ್ 21, ಭಾನುವಾರ

ಇವತ್ತು ನಡೆದದ್ದೆಲ್ಲವನ್ನೂ ಬರೆಯುತ್ತೇನೆ.

ಇಡೀ ಕಟ್ಟಡ ಸಾಂಬಾರು ಕುದಿಸುತ್ತಿದ್ದಾಗ ನಮ್ಮ ಒಂದೇ ಮನೆಯಿಂದ ಬಾಡೆಸರಿನ ವಾಸನೆ ಮೂರು ಮಹಡಿಗೂ ಹೋಯಿತು. ಕಮಲಾಕರ ಬಾಗಿಲಿಗೆ ಬಂದರು. "ಪಿತೃಗಳಿಗಾ? ಆಗ ಶರಿ. ನಮ್ಮಲ್ಲೂ ಈಗ ತಾನೆ ತರ್ಪಣ ಮುಗೀತು. ಅಸೋಸಿಯೇಷನ್ನಿನವರು ಕೇಳಿದರೆ ನಾನು ಹೇಳ್ಕೋತೀನಿ" ಎಂದು ಮೂಗು ಹಿಡಿಯದೆ ಹೋದರು. ದೊಡ್ಡ ಮನುಷ್ಯರು.

ಹಿರಿಯರು ಉಣ್ಣುವವರೆಗೆ ಮನೆಯವರು ಉಣ್ಣುವಂತಿಲ್ಲ. ಅವ್ವ ಬೆಳಗ್ಗೆಯಿಂದ ನೀರು ಬಿಟ್ಟು ಏನೂ ತೆಗೆದುಕೊಂಡಿರಲಿಲ್ಲ. ನಾನು ಸಿರಪ್ ಮಾತ್ರ ಕುಡಿದಿದ್ದೆ, ಸಿಟ್ಟಿಗೆ ಒಂದು ಮುಚ್ಚಳ ಜಾಸ್ತಿಯೇ. ಅಪ್ಪನ ಫೋಟೋ ಮುಂದೆ ಬಾಳೆಲೆ ಹಾಸಿ ಮುದ್ದೆ, ಬಾಡೆಸರು, ಬೋಟಿ ಗೊಜ್ಜು, ಮೊಟ್ಟೆ, ಸೊಪ್ಪಿನ ಪಲ್ಯ, ಕಜ್ಜಾಯ ಬಡಿಸಿ, ಪಕ್ಕದಲ್ಲಿ ಹೊಸ ಪಂಚೆ, ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ ಇಟ್ಟೆವು. ಧೂಪ ಹಾಕಿ, ಹಿರಿಯರು ಬಂದು ಉಣ್ಣಲೆಂದು ಎಲ್ಲರೂ ಹೊರಗೆ ಬಂದೆವು. ಊರಿನಲ್ಲಾದರೆ ಬಾಗಿಲು ಮುಂದಕ್ಕೆ ಮಾಡಿ ಜಗಲಿಯ ಮೇಲೆ ಕೂರುತ್ತೇವೆ. ಇಲ್ಲಿ ಲಿಫ್ಟಿನ ಮುಂದೆ ನಿಂತು, ನಾನೇ ಹಿರೀ ಮಗನ ಗತ್ತಿನಲ್ಲಿ ಬಾಗಿಲು ಎಳೆದೆ.

ಟಕ್ ಎಂದಿತು. ನಮ್ಮ ಬಾಗಿಲು ಎಳೆದರೆ ತಾನೇ ಬೀಗ ಬೀಳುವಂಥದ್ದು. ಬೀಗದ ಕೈಗಳು ಒಳಗೆ. ಫೋನುಗಳೂ ಒಳಗೆ. ಒಳಗೆ ಇದ್ದವನು ಅಪ್ಪ ಒಬ್ಬನೇ.

ತೇಜು ಬೀಗದವನನ್ನು ಕರೆಸಲು ಸೆಕ್ಯುರಿಟಿಯ ಹತ್ತಿರ ಓಡಿದಳು. ಅವನು ಕುಂಡ್ರತ್ತೂರಿನಿಂದ ಬರಬೇಕಂತೆ. ಕಾಯುತ್ತಾ ನಿಂತೆವು. ಅವ್ವ ಗೋಡೆಗೆ ಒರಗಿದಳು. ನೋಡುತ್ತೇನೆ, ಹಣೆಯೆಲ್ಲ ಬೆವರು, ಕೈ ನಡುಗುತ್ತಿದೆ, ಮಾತು ತೊದಲುತ್ತಿದೆ.

"ಅತ್ತೆ, ಬೆಳಗ್ಗೆ ಮಾತ್ರೆ ತಗೊಂಡ್ರಾ?" ಎಂದು ನೀರಜಾ ಅವಳನ್ನು ಹಿಡಿದುಕೊಂಡಳು. ಅವ್ವ ನನ್ನ ಕಡೆ ಕಣ್ಣು ತೋರಿಸಿ ಬೇಡ ಎಂಬಂತೆ ತಲೆಯಾಡಿಸಿದಳು.

"ಯಾವ ಮಾತ್ರೆ?" ಎಂದೆ.

"ಶುಗರ್ ಮಾತ್ರೆ ರೀ. ಆರು ವರ್ಷದಿಂದ ತಗೋತಿದಾರೆ, ಎಲೆಅಡಿಕೆ ಚೀಲದಲ್ಲಿದೆ. ಮಾತ್ರೆ ತಗೊಂಡು ಉಪವಾಸ ಇದ್ದು ಸಕ್ಕರೆ ಇಳಿದಿದೆ. ನಿಂತ್ಕೊಂಡು ನನ್ನ ಮುಖ ನೋಡ್ಬೇಡಿ, ಎದುರುಮನೆ ಬೆಲ್ ಒತ್ತಿ."

ನಾನು ಬೆಲ್ ಒತ್ತಲಿಲ್ಲ, ಬಾಗಿಲನ್ನೇ ಬಡಿದೆ. ಕಮಲಾಕರರ ಹೆಂಡತಿ ಜಯಲಕ್ಷ್ಮೀ ಒಂದೇ ಗಳಿಗೆಯಲ್ಲಿ ಸಕ್ಕರೆ ನೀರು ಕಲಸಿ ತಂದರು. ಅವ್ವನನ್ನು ಮೆಟ್ಟಿಲ ಮೇಲೆ ಕೂರಿಸಿ ಕುಡಿಸಿದೆ. ಅವಳ ತಲೆ ನನ್ನ ಭುಜದ ಮೇಲಿತ್ತು, ಏನೂ ತೂಕವೇ ಇರಲಿಲ್ಲ. ಅಷ್ಟು ಹೆದರಿಕೆ ನನಗೆ ನನ್ನ ರಿಪೋರ್ಟ್ ನೋಡಿದಾಗಲೂ ಆಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಮುಖಕ್ಕೆ ಬಣ್ಣ ಬಂತು, ನಡುಕ ನಿಂತಿತು.

"ಯಾಕವ್ವ ಹೇಳ್ಲಿಲ್ಲ?"

"ನಿಮ್ಮಪ್ಪನ್ ಕಾಲ್ ತೆಗೆದ ದಿನ ನಿನ್ ಮಖ ನೋಡಿದ್ದೆ ಕಣ್ಲಾ. ಇನ್ನೊಂದ್ ದಪ ಅದನ್ನ ನೋಡೋಕೆ ನನ್ ಕೈಲಾಗ್ತಿರ್ಲಿಲ್ಲ."

ಇನ್ನು ಮುಚ್ಚಿಟ್ಟು ಏನು ಮಾಡಲಿ. "ನಂಗೂ ಬಂದದೆ ಕಣವ್ವ. ಇನ್ನೂ ಬಾರ್ಡರಲ್ಲೇ ಅದೆ. ಅದ್ಕೇ ಹಿಟ್ಟು ಬುಟ್ಟಿದ್ದು" ಎಂದೆ.

ಅವ್ವ ನನ್ನ ಮುಖವನ್ನೇ ನೋಡಿದಳು. "ನಾಚ್ಕೆಗಲ್ವಾ?"

"ಅಲ್ಲ ಕಣವ್ವ."

ಬೆನ್ನಿಗೆ ಒಂದು ಗುದ್ದಿದಳು. ಕೈಗೆ ಶಕ್ತಿ ಬಂದಿದೆ ಎಂದು ಸಮಾಧಾನವಾಯಿತು. "ಹಿಟ್ಟು ತಿಂದು ನಿಮ್ಮಪ್ಪನ್ ಕಾಲ್ ಹೋಯ್ತಾ? ಗಾಯ ಆಗಿತ್ತು, ಡ್ಯೂಟಿ ತಪ್ತದೆ ಅಂತ ಯಾರ್ಗೂ ಹೇಳ್ದೆ ಬೂಟೊಳಗೇ ಕೊಳೆಸ್ಕಂಡ. ಅವನು ಗಾಯ ಮುಚ್ಚಿಟ್ಟ, ನಾನು ಮಾತ್ರೆ ಮುಚ್ಚಿಟ್ಟೆ, ನೀನು ರಿಪೋಲ್ಟು ಮುಚ್ಚಿಟ್ಟೆ. ಒಳ್ಳೆ ಮನೆತನ ಕಣ್ಲಾ ನಮ್ದು."

"ಮುಚ್ಚಿಟ್ಟಿದ್ದು ನೀವಲ್ಲ, ನಾನು" ಎಂದಳು ನೀರಜಾ. "ಇಬ್ರದ್ದೂ."

ಜಯಲಕ್ಷ್ಮೀ ನಕ್ಕರು, ಅವ್ವನೂ ನಕ್ಕಳು. ನಾನೂ ನಗಲು ಹೋದೆ. ಅಷ್ಟರಲ್ಲಿ ಸಿರಪ್ಪು ಕೆಲಸ ಮಾಡಿತು.

ಮುಂದಿನದು ಬೇಗ ಬೇಗ ನಡೆಯಿತು. ನನ್ನ ಬಾಗಿಲಿಗೆ ಬೀಗ. ಒಳಗೆ ಅಪ್ಪ ಉಣ್ಣುತ್ತಿದ್ದಾನೆ. ನಾನು ಎರಡು ಕಾಲನ್ನೂ ಒಂದು ಮಾಡಿಕೊಂಡು ಕಮಲಾಕರರ ಮುಖ ನೋಡಿದೆ. ಅವರು ಅರ್ಥ ಮಾಡಿಕೊಂಡರು. ಒಂದು ವಾರದಿಂದ ಇದಕ್ಕಾಗಿ ಕಾಯುತ್ತಿದ್ದವರು. "ವಾಂಗೋ ವಾಂಗೋ, ಬನ್ನಿ" ಎಂದು ದಾರಿ ಬಿಟ್ಟರು. "ಆ ಕಡೆಯಿಂದ ಹೋಗಿ, ಅಡಿಗೆಮನೆ ಕಡೆ ಬೇಡ" ಎಂದು ಜಯಲಕ್ಷ್ಮೀ ಹಿಂದಿನಿಂದ ಕೂಗಿದರು.

ವಿವರ ಬೇಡ. ಹೊರಗೆ ಬಂದಾಗ ಕಮಲಾಕರ ನನ್ನ ಕೈಕುಲುಕಿದರು.

ಬೀಗದವನು ಬಂದು ಬಾಗಿಲು ತೆಗೆಯುವ ಹೊತ್ತಿಗೆ ಧೂಪ ಆರಿತ್ತು, ಎಸರಿನ ಮೇಲೆ ಕೊಬ್ಬು ಕಟ್ಟಿತ್ತು. ಎಡೆಗೆ ತಡವಾಯಿತಲ್ಲ ಎಂದು ನಾನು ಪೇಚಾಡಿದೆ. ಅವ್ವ ಫೋಟೋದ ಮುಂದೆ ನಿಂತು, "ತಡ ಏನ್ ಬಂತು. ಜೀವಮಾನದಲ್ಲಿ ಒಂದ್ ದಿನನಾದ್ರೂ ನಿಧಾನಕ್ಕೆ ಕುಂತ್ಕಂಡ್ ಉಂಡವ್ನೆ, ಬುಡು" ಎಂದಳು. ಆಗ ನನಗೆ ಅಳು ಬಂತು. ಬರೆದಿದ್ದೇನೆ, ಇರಲಿ.

ಅಪ್ಪನ ಎಲೆಯ ಮುದ್ದೆಯನ್ನು ಅವ್ವ ಎರಡು ಮಾಡಿ, ನನಗೊಂದು ತುಂಡು, ತನಗೊಂದು ತುಂಡು ಇಟ್ಟಳು. ಸೊಪ್ಪನ್ನು ಇಬ್ಬರಿಗೂ ರಾಶಿ ಹಾಕಿದಳು. ಕಜ್ಜಾಯದ ಅಂಚನ್ನು ಉಗುರಿನಷ್ಟು ಮುರಿದು ನನ್ನ ಬಾಯಿಗಿಟ್ಟು, ಮಿಕ್ಕಿದ್ದನ್ನು ತೇಜುಗೆ ಕೊಟ್ಟಳು. ಮುದ್ದೆ ಗಂಟಲಲ್ಲಿ ಇಳಿಯಿತು.

ಸೆಪ್ಟೆಂಬರ್ 22, ಸೋಮವಾರ

ಬಾಡಿಲ್ಲದೆ ಉಂಡೆ. ಇವತ್ತು ಸೋಮವಾರ ಎಂಬುದು ರಾತ್ರಿಯ ಊಟ ಮುಗಿದ ಮೇಲೆ ನೆನಪಾಯಿತು. ತೇಜು ಊಟದ ಮೇಜಿಗೇ ಲೆಕ್ಕದ ಪುಸ್ತಕ ತಂದಿದ್ದಳು. ನಾನು ಹೇಳಿಕೊಟ್ಟದ್ದು ತಪ್ಪು, ಅವಳ ಉತ್ತರವೇ ಸರಿ.

ಸೆಪ್ಟೆಂಬರ್ 24, ಬುಧವಾರ

ಈಗ ದಿನಾ ಆಗುತ್ತಿದೆ. ಬೆಳಗ್ಗೆ ಅವ್ವ, ನಾನು, ಕಮಲಾಕರ ಮೂವರೂ ಕೆರೆಯ ಕಡೆ ನಡೆದು ಬರುತ್ತೇವೆ. ಅವ್ವನಿಗೆ ತಮಿಳು ಬರುವುದಿಲ್ಲ, ಕಮಲಾಕರರ ಕನ್ನಡ ಅವಳಿಗೆ ಅರ್ಧ ತಿಳಿಯುತ್ತದೆ. ಆದರೂ ನನ್ನ ಹೊಟ್ಟೆಯ ಬಗ್ಗೆ ಇಬ್ಬರೂ ಧಾರಾಳವಾಗಿ ಮಾತಾಡಿಕೊಳ್ಳುತ್ತಾರೆ.

ಇವತ್ತು ಆಫೀಸಿಗೆ ಹೊರಡುವ ಹೊತ್ತಿಗೆ ಸಂಜೀವನ ಫೋನು ಬಂತು. ಅವ್ವ ನಡೆದದ್ದನ್ನೆಲ್ಲ ಬಿಡದೆ ಅವನಿಗೆ ಒಪ್ಪಿಸಿದಳು: ತನ್ನ ಮಾತ್ರೆ, ನನ್ನ ರಿಪೋರ್ಟು, ಬೀಗ, ಎದುರುಮನೆಯ ಬಚ್ಚಲು. "ನಿಮ್ಮಣ್ಣಂಗೆ ಈಗ ದಿನಾ ಸಲೀಸಾಗಿ ಆಯ್ತದೆ ಕಣ್ಲಾ" ಎಂದೂ ಹೇಳಿದಳು. ಫೋನು ಸ್ಪೀಕರಿನಲ್ಲಿತ್ತು. ಆ ಕಡೆ ಅವನು ಗಾರೆ ಕಲಸುವ ಮೆಷಿನ್ನು ನಿಲ್ಲಿಸಿದ್ದು ಕೇಳಿತು.

"ಅವ್ವ."

"ಏನ್ಲಾ."

"ಬಯ್ಯಾಕಿಲ್ಲ ತಾನೇ? ಕಾಪಿಗೆ ಸಕ್ರೆ ಬುಟ್ಟಿದ್ದು ಶೋಕಿಗಲ್ಲ ಕಣವ್ವ. ಎಲ್ಡ್ ವರ್ಷ ಆಯ್ತು."

ನೀರಜಾ ಸೌಟು ಹಿಡಿದುಕೊಂಡು ಅಡಿಗೆಮನೆಯಿಂದ ಹೊರಗೆ ಬಂದು, "ಇದು ನನಗೂ ಗೊತ್ತಿರ್ಲಿಲ್ಲ" ಎಂದಳು. ಅವ್ವ ಬಯ್ಯಲಿಲ್ಲ. ಫೋನನ್ನು ತೇಜು ಕೈಗೆ ಕೊಟ್ಟು, ಮುಖ ಕಾಣುವ ಹಾಗೆ ಮಾಡು ಎಂದಳು. ತೇಜು ವಿಡಿಯೋ ಹಾಕಿದಳು. ಸೂರಿಲ್ಲದ ಮನೆಯೊಳಗೆ, ಬಿಸಿಲಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ಸಂಜೀವ ನಿಂತಿದ್ದ.

"ಮಖ ಆಮೇಲೆ ನೋಡ್ತೀನಿ. ಕಾಲ್ ತೋರ್ಸು."

ಅವನು ಒಂಟಿಕಾಲಿನಲ್ಲಿ ಕುಂಟುತ್ತಾ ಒಂದೊಂದೇ ಪಾದವನ್ನು ಫೋನಿಗೆ ಎತ್ತಿ ಹಿಡಿದ. ಅವ್ವ ಅಂಗಾಲು, ಹಿಮ್ಮಡಿ, ಬೆರಳ ಸಂದಿಗಳನ್ನೆಲ್ಲ ತಿರುಗಿಸಿ ತಿರುಗಿಸಿ ತೋರಿಸಲು ಹೇಳಿ, ಕಣ್ಣು ಹತ್ತಿರ ತಂದುಕೊಂಡು ನೋಡಿದಳು. ಸಿಮೆಂಟು ಮೆತ್ತಿತ್ತು, ಗಾಯ ಇರಲಿಲ್ಲ.

ಆಮೇಲೆ ನನ್ನ ಕಡೆ ತಿರುಗಿದಳು. "ನಿಂದೂ" ಎಂದಳು.

ಕಂಪನಿ ಬಸ್ಸು ಬರುವ ಹೊತ್ತಾಗಿತ್ತು. ನಾನು ಕುರ್ಚಿಯ ಮೇಲೆ ಕೂತು ಶೂ ಬಿಚ್ಚಿದೆ, ಸಾಕ್ಸನ್ನೂ ತೆಗೆದೆ.